ಪದ ಬೇಕು: ‘ಸೌಂಡ್‌ಸ್ಕೇಪ್’ಗೆ ಫಲಕದ ಮೇಲೆ ಬರೆಯುವಂಥ ಕನ್ನಡ (ನಾಳೆ ಸಂಜೆಯೊಳಗೆ)

ಗೆಳೆಯರೇ, ಸ್ವಲ್ಪ ಅವಸರದಲ್ಲಿದ್ದೇನೆ. ಸದ್ದು ಮತ್ತು ಕೇಳುವಿಕೆಯ ಬಗ್ಗೆ ನಡೆಯಲಿರುವ ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಳಿದದ್ದೆಲ್ಲ ಮುಗಿದಿದೆ, ಮೊದಲನೇ ಫಲಕದ ತಲೆಬರಹ ಮಾತ್ರ ಬಾಕಿ. ಅದು ಒಂದೇ ಒಂದು ಪದ: ‘ಸೌಂಡ್‌ಸ್ಕೇಪ್’. ನಾಳೆ ಸಂಜೆ ಅಚ್ಚಿಗೆ ಕೊಡಬೇಕು.

ಕೆನಡಾದ ಸಂಗೀತ ರಚನೆಕಾರ ಆರ್. ಮರ್ರಿ ಶೇಫರ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಈ ಪದವನ್ನು ಎಲ್ಲೆಡೆ ಹರಡಿದರು. ‘ಲ್ಯಾಂಡ್‌ಸ್ಕೇಪ್’ ಅನ್ನುವುದರ ಅಚ್ಚಿನಲ್ಲೇ ಹೊಯ್ದ ಪದ. ಒಂದು ಜಾಗದಲ್ಲಿ ನಿಂತರೆ ಕಣ್ಣಿಗೆ ಒಂದು ನೋಟ ಸಿಗುತ್ತದಲ್ಲ, ಹಾಗೆ ಕಿವಿಗೆ ಸಿಗುವುದು. ಗಾಳಿ, ಗಾಡಿ, ಹಕ್ಕಿ, ಪಕ್ಕದ ಕೋಣೆಯ ಟಿವಿ, ಗುಂಯ್ ಅನ್ನುವ ಫ್ಯಾನು ಎಲ್ಲ ಸೇರಿ.

ನನ್ನ ಪಟ್ಟಿಯಲ್ಲಿ ಇರುವುದು ಶಬ್ದದೃಶ್ಯ, ಧ್ವನಿಪರಿಸರ, ಸದ್ದುನೋಟ. ಮೂರೂ ಮನಸ್ಸಿಗೆ ಒಪ್ಪುತ್ತಿಲ್ಲ. ‘ಶಬ್ದ’ ಅಂದರೆ ಈಗ ಗಲಾಟೆ ಅಂತಲೇ ಅರ್ಥ. ‘ಶಬ್ದ ಮಾಡಬೇಡಿ’, ‘ಶಬ್ದಮಾಲಿನ್ಯ’. ‘ಧ್ವನಿ’ ಅಂದರೆ ಗಂಟಲು ನೆನಪಾಗುತ್ತದೆ, ಇಲ್ಲವೇ ಕಾವ್ಯದ ಧ್ವನಿಸಿದ್ಧಾಂತ ಹೇಳಿದ ಆನಂದವರ್ಧನ. ‘ಸದ್ದು’ ಹತ್ತಿರ ಬರುತ್ತದೆ. ಆದರೆ ಪತ್ರಿಕೆ, ಟಿವಿಯವರು ‘ಸದ್ದು ಮಾಡುತ್ತಿದೆ’ ಅಂತ ಬರೆದು ಬರೆದು ಅದಕ್ಕೆ ಪ್ರಚಾರ ಅನ್ನುವ ಅರ್ಥ ಅಂಟಿಸಿಬಿಟ್ಟಿದ್ದಾರೆ. ಮೇಷ್ಟ್ರು ತರಗತಿಯಲ್ಲಿ ‘ಸದ್ದು!’ ಅಂದರೆ ಸುಮ್ಮನಿರಿ ಅಂತ ಅರ್ಥ, ಅದು ಇನ್ನೂ ಬೇರೆ. ‘ಸೌಂಡು’ ಅಂತೂ ರಿಮೋಟಿಗೆ ಸೇರಿದ ಪದ, ಜಾಸ್ತಿ ಮಾಡು ಕಮ್ಮಿ ಮಾಡು ಅನ್ನುವುದಕ್ಕೆ.

ಫಲಕದ ಮುಂದೆ ನಿಲ್ಲುವವರಲ್ಲಿ ಮಕ್ಕಳೂ ಇರುತ್ತಾರೆ. ಓದಿದ ಕೂಡಲೇ ಕಿವಿ ನಿಮಿರುವಂಥ ಪದ ಬೇಕು. ದಯವಿಟ್ಟು ಹೇಳಿ.

ಮರು (1)

ಧ್ವನಿಪರಿಸರ ಅಂತ ಹಾಕಿ ಮುಗಿಸಿ. ಅರ್ಥ ಆಗುತ್ತದೆ. ಪ್ರತಿ ಪದಕ್ಕೂ ಹೀಗೆ ಕೂತರೆ ಯಾವ ಫಲಕವೂ ಅಚ್ಚಾಗುವುದಿಲ್ಲ.

ಮರು (2)

> ಧ್ವನಿಪರಿಸರ ಅಂತ ಹಾಕಿ ಮುಗಿಸಿ

ಧ್ವನಿ ಸಂಸ್ಕೃತ, ಪರಿಸರ ಸಂಸ್ಕೃತ. ಇದು ಕನ್ನಡದ ಫಲಕ ಅಲ್ವಾ? ಶಬ್ದ, ಧ್ವನಿ, ನಾದ, ರವ ಎಲ್ಲವನ್ನೂ ಬಿಡಿ. ನಮ್ಮಲ್ಲಿ ಸದ್ದು ಇದೆ, ದನಿ ಇದೆ, ಉಲಿ ಇದೆ, ಸಪ್ಪಳ ಇದೆ, ಮೊರೆತ ಇದೆ. ‘ಸದ್ದುಹರವು’ ಅನ್ನಿ. ‘ಶಬ್ದಹರವು’ ಅಂತ ಮಾತ್ರ ಯಾರೂ ಸೂಚಿಸಬೇಡಿ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಹೊಲಿದ ಪದ.

ಇನ್ನೊಂದು ಮಾತು, ಇದನ್ನು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ‘ಆಲಿಸು’ ಪದವನ್ನು ನೋಡಿ. ಆಲಿ ಅಂದರೆ ಕಣ್ಣುಗುಡ್ಡೆ, ಕಣ್ಣಾಲಿ ಅನ್ನುತ್ತೇವೆ. ಸದ್ದು ಬಂದ ಕಡೆಗೆ ಮೊದಲು ಹೊರಳುವುದು ಕಣ್ಣು. ಆಲಿಸು ಅಂದರೆ ಆಲಿಯನ್ನು ಅತ್ತ ತಿರುಗಿಸು. ನೋಡುವುದು ಮತ್ತು ಕೇಳುವುದರ ನಂಟು ನಮ್ಮ ಪದದೊಳಗೇ ಇದೆ. ಹಾಗಾಗಿ ‘ಆಲಿಹರವು’ ಅಂದರೂ ಸರಿ.

ಮರು (3)

> ಆಲಿಸು ಅಂದರೆ ಆಲಿಯನ್ನು ಅತ್ತ ತಿರುಗಿಸು

ಅಲ್ಲ. ಎರಡು ಪದಗಳ ಅಕ್ಷರ ಹೊಂದಿದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಆಲಿಕಲ್ಲಿನಲ್ಲೂ ಆಲಿ ಇದೆ, ಅದಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಆಧಾರ ಇದ್ದರೆ ಕೊಡಿ, ಇಲ್ಲವಾದರೆ ಇದನ್ನು ಇಲ್ಲಿಗೆ ಬಿಡೋಣ.

ಸದ್ದು ಅಚ್ಚಗನ್ನಡವೂ ಅಲ್ಲ. ಅದು ಶಬ್ದದ ತದ್ಭವ, ಪ್ರಾಕೃತದ ‘ಸದ್ದ’ದ ದಾರಿಯಲ್ಲಿ ಬಂದದ್ದು. ದನಿ ಧ್ವನಿಯ ತದ್ಭವ. ನೀವು ಹೊರಗೆ ಹಾಕಿದ ಪದಗಳೇ ಬಟ್ಟೆ ಬದಲಿಸಿಕೊಂಡು ನಿಮ್ಮ ಪಟ್ಟಿಯಲ್ಲಿ ಕೂತಿವೆ. ಅರಿಸಮಾಸದ ಭಯವೂ ಬೇಡ. ಕ್ಯಾಸೆಟ್ಟಿಗೆ ಧ್ವನಿಸುರುಳಿ ಅಂತ ವರ್ಷಗಟ್ಟಲೆ ಬರೆದರು, ಯಾರ ಕಿವಿಗೂ ಚುಚ್ಚಲಿಲ್ಲ.

ಮರು (4)

ಸದ್ದು ಯಾರ ಮನೆಯದು ಅನ್ನುವ ಜಗಳದಲ್ಲಿ ಮೇಡಂ ಕೇಳಿದ್ದು ಕಳೆದುಹೋಗುತ್ತಿದೆ. ನನ್ನ ಮಾತು ಒಂದೇ. ಈ ಪದ ಸದ್ದಿನ ಕಡೆಯಿಂದ ಹುಟ್ಟಬಾರದು, ಕಿವಿಯ ಕಡೆಯಿಂದ ಹುಟ್ಟಬೇಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

‘ಸ್ಕೇಪ್’ ಅಂದರೆ ನೋಟ ಅಲ್ಲ. ಲ್ಯಾಂಡ್‌ಸ್ಕೇಪ್ ಅನ್ನುವುದು ಡಚ್ ಭಾಷೆಯಿಂದ ಚಿತ್ರಕಾರರ ಮಾತಾಗಿ ಇಂಗ್ಲಿಷಿಗೆ ಬಂತು. ಮೂಲದಲ್ಲಿ ಆ ಕೊನೆಯ ತುಂಡು ನಮ್ಮ ‘ತನ’ದ ಹಾಗೆ ಒಂದು ಪ್ರತ್ಯಯ ಅಷ್ಟೇ. ನೋಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ದೃಶ್ಯ, ನೋಟ ಎರಡನ್ನೂ ಕೈಬಿಡಬಹುದು.

ಇನ್ನು ‘ಧ್ವನಿಪರಿಸರ’. ಇದು ಬರೀ ಒರಟಾದ ಪದ ಅಲ್ಲ, ತಪ್ಪು ಪದ. ಐಎಸ್‌ಒ 12913 ಅಂತ ಒಂದು ಅಂತರರಾಷ್ಟ್ರೀಯ ಮಾನಕ ಇದೆ, ಅದರ ಮೊದಲ ಭಾಗ 2014ರಲ್ಲಿ ಬಂತು. ಅದು ಎರಡನ್ನೂ ಬೇರೆ ಮಾಡಿ ಹೇಳುತ್ತದೆ. ಸುತ್ತಲೂ ಇರುವ ಸದ್ದುಗಳೆಲ್ಲ ಒಂದು ಕಡೆ, ಅದನ್ನು ಯಂತ್ರ ಇಟ್ಟು ಡೆಸಿಬೆಲ್‌ನಲ್ಲಿ ಅಳೆಯಬಹುದು. ಅದೇ ಸದ್ದುಗಳು ಒಬ್ಬ ಮನುಷ್ಯನಿಗೆ, ಅವನಿರುವ ಸಂದರ್ಭದಲ್ಲಿ, ಹೇಗೆ ಕೇಳಿಸಿ ಹೇಗೆ ಅರ್ಥವಾದವು ಅನ್ನುವುದು ಇನ್ನೊಂದು ಕಡೆ. ಸೌಂಡ್‌ಸ್ಕೇಪ್ ಅನ್ನುವುದು ಈ ಎರಡನೆಯದಕ್ಕೆ. ಒಂದೇ ಕೋಣೆ, ಒಂದೇ ಫ್ಯಾನು. ಒಬ್ಬರಿಗೆ ಆ ಗುಂಯ್ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲ, ಇನ್ನೊಬ್ಬರಿಗೆ ಅದೇ ಸದ್ದಿನಿಂದ ನಿದ್ದೆ ಬಾರದು. ಯಂತ್ರದಲ್ಲಿ ಬರುವ ಅಂಕಿ ಮಾತ್ರ ಒಂದೇ.

ಇದನ್ನು ಕನ್ನಡ ಮೊದಲಿನಿಂದಲೂ ಹೇಳುತ್ತಿದೆ. ‘ಕೇಳಿದೆ’, ‘ನನಗೆ ಕೇಳಿಸಿತು’, ‘ಕೇಳಿಸಿಕೊಂಡೆ’, ಮೂರೂ ಬೇರೆ. ಕೇಳಿಸಿತು ಅಂದಾಗ ಸದ್ದು ತಾನಾಗಿ ಬಂತು, ನಾನು ಏನೂ ಮಾಡಲಿಲ್ಲ. ಕೇಳಿಸಿಕೊಂಡೆ ಅಂದಾಗ ಕೆಲಸ ನನ್ನದು. ಬರೀ ‘ಕೇಳು’ ತೆಗೆದುಕೊಂಡರೆ ಅದಕ್ಕೆ ಪ್ರಶ್ನಿಸು ಅನ್ನುವ ಅರ್ಥವೂ ಇದೆ, ತಮಿಳಿನಲ್ಲೂ ಹಾಗೆಯೇ. ಇದರಿಂದ ವ್ಯುತ್ಪತ್ತಿ ತೆಗೆಯಲು ಹೋಗುವುದಿಲ್ಲ. ಆದರೆ ರಾತ್ರಿ ಎಲ್ಲೋ ದಡ್ ಅಂದಾಗ ನಮ್ಮ ಕಿವಿ ಮೊದಲು ಮಾಡುವುದೇ ‘ಏನದು?’ ಅಂತ ಕೇಳುವುದು, ಅದನ್ನು ಗಮನಿಸಿದ್ದೀರಾ?

ಅನುಕರಣ ಪದಗಳನ್ನೂ ನೋಡಿ. ಪಟಪಟ, ಜುಳುಜುಳು, ದಬ್ಬನೆ ಇವು ಸದ್ದಿನ ಅನುಕರಣೆ, ಸರಿ. ಆದರೆ ಥಳಥಳ? ಹೊಳಪಿಗೆ ಎಲ್ಲಿದೆ ಸದ್ದು? ಘಮಘಮ ವಾಸನೆಗೆ, ಚುರುಚುರು ಉರಿಗೆ. ಖಾಲಿ ಮನೆ ‘ಬಿಕೋ ಅನ್ನುತ್ತಿತ್ತು’ ಅನ್ನುತ್ತೇವೆ. ಅಲ್ಲಿ ಸದ್ದು ಇಲ್ಲ ಅನ್ನುವುದೇ ವಿಷಯ, ಆದರೂ ಆ ಇಲ್ಲದಿರುವಿಕೆಗೆ ಒಂದು ಸದ್ದು ಕೊಟ್ಟು ‘ಅನ್ನು’ ಅಂತ ಮಾತನ್ನೂ ಆಡಿಸುತ್ತೇವೆ. ಇನ್ನೊಂದು ಕಡೆ, ಕೇಳಿ ನೋಡು, ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು. ಎಲ್ಲ ಇಂದ್ರಿಯಕ್ಕೂ ಕಣ್ಣೇ ಸಾಕ್ಷಿ. ಈ ಬೆರಕೆ ನಮ್ಮ ಮಾತಿನಲ್ಲಿ ಎಷ್ಟು ಆಳಕ್ಕಿದೆ ಅಂದರೆ ನಮಗೆ ಅದು ಕಾಣಿಸುವುದೇ ಇಲ್ಲ.

ಮಾತಿನಲ್ಲಿ ಮಾತ್ರ ಅಲ್ಲ, ತಲೆಯೊಳಗೂ ಹಾಗೆಯೇ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ತೋರಿಸಿದ್ದು ಇದನ್ನೇ. ಕಿವಿಗೆ ‘ಬ’ ಅಂತ ಕೇಳಿಸುವುದು, ತೆರೆಯ ಮೇಲೆ ‘ಗ’ ಅನ್ನುವ ಬಾಯಿ ತೋರಿಸುವುದು. ನೋಡುವವರಲ್ಲಿ ಹೆಚ್ಚಿನವರಿಗೆ ಕೇಳುವುದು ‘ದ’ದಂಥ ಮೂರನೇ ಅಕ್ಷರ. ಕಣ್ಣು ಮುಚ್ಚಿದರೆ ಮತ್ತೆ ‘ಬ’. ನಮ್ಮ ವರ್ಣಮಾಲೆ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಗಗಳು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ನಿಂತಿವೆ: ಗ, ಜ, ಡ, ದ, ಬ. ಕಣ್ಣು ಗಂಟಲು ಅಂದಿತು, ಕಿವಿ ತುಟಿ ಅಂದಿತು, ಮನಸ್ಸು ನಡುವೆ ಎಲ್ಲೋ ಹೋಗಿ ನಿಂತಿತು. ಮೇಡಂ, ಈ ಪ್ರಯೋಗ ನಿಮ್ಮ ಪ್ರದರ್ಶನದಲ್ಲಿದ್ದರೆ ಫಲಕದಲ್ಲಿ ಈ ಐದು ಅಕ್ಷರಗಳನ್ನು ದಯವಿಟ್ಟು ಸೇರಿಸಿ.

ಸಿನಿಮಾದವರು ಇದನ್ನು ಪ್ರಯೋಗಕ್ಕೂ ಮೊದಲೇ ಬಲ್ಲವರು. ಕುದುರೆ ಓಟಕ್ಕೆ ತೆಂಗಿನ ಚಿಪ್ಪು, ಹಿಮದ ಮೇಲಿನ ಹೆಜ್ಜೆಗೆ ಜೋಳದ ಪಿಷ್ಟ. ಚಿತ್ರದ ಜೊತೆ ಕೂಡಿಸಿದ ಕೂಡಲೇ ಅದು ಕುದುರೆಯೇ, ಹಿಮವೇ. ಆಮೇಲೆ ಅದು ಹೊರಗಿನ ಲೋಕಕ್ಕೂ ನಮ್ಮ ಜೊತೆ ಬರುತ್ತದೆ. ಅಮೆರಿಕದ ಬಿಳಿತಲೆಯ ಹದ್ದಿನ ನಿಜವಾದ ಕೂಗು ಸಣ್ಣ ಕೀರಲು ದನಿ. ತೆರೆಯ ಮೇಲೆ ಅದಕ್ಕೆ ಬಹಳ ಸಲ ಕೆಂಪುಬಾಲದ ಬೇರೊಂದು ಗಿಡುಗದ ಕೂಗನ್ನು ಜೋಡಿಸುತ್ತಾರೆ. ಹದ್ದು ಅಂದರೆ ಹಾಗೆಯೇ ಕೂಗಬೇಕು ಅಂತ ಕಿವಿ ಕಲಿತುಬಿಡುತ್ತದೆ, ನಿಜವಾದದ್ದು ಕೇಳಿದಾಗ ಅದೇ ಸುಳ್ಳು ಅನಿಸುತ್ತದೆ. ನಿಮ್ಮ ಫಲಕದ ಪದದಲ್ಲಿ ಕಿವಿ ಇರಲೇಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ನನ್ನ ಸೂಚನೆ: ‘ಕಿವಿಯಳತೆ’. ಕೂಗಳತೆ ಅನ್ನುತ್ತೇವಲ್ಲ, ಕೂಗು ಮುಟ್ಟುವಷ್ಟು ದೂರ. ಕಣ್ಣಳತೆ, ಕಣ್ಣು ಮುಟ್ಟುವಷ್ಟು. ಹಾಗೆ ಕಿವಿಗೆ ದಕ್ಕುವಷ್ಟು ಲೋಕ ಕಿವಿಯಳತೆ. ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ, ಅಚ್ಚು ಮೊದಲೇ ಇದೆ.

ಮರು (5)

ಕಿವಿಯಳತೆ ಅಂದರೆ ಕಿವಿಯ ಉದ್ದಗಲ ಅಳೆಯುವುದು ಅಂತ ಓದುತ್ತಾರೆ. ಬೇಡ.

‘ಸೌಂಡ್‌ಸ್ಕೇಪ್’ ಅಂತಲೇ ಇಡಿ. ರೇಡಿಯೊ, ಟಿವಿ, ಮೈಕು, ಸ್ಪೀಕರು, ಹೆಡ್‌ಫೋನು, ಇವನ್ನೆಲ್ಲ ಹಾಗೇ ತೆಗೆದುಕೊಂಡು ಕನ್ನಡದ ಪ್ರತ್ಯಯ ಹಚ್ಚಿ ಮಾತಾಡುತ್ತಿದ್ದೇವೆ, ಕನ್ನಡಕ್ಕೆ ಏನೂ ಆಗಿಲ್ಲ. ಧ್ವನಿವರ್ಧಕ ಅಂತ ಪದ ಮಾಡಿಕೊಟ್ಟರು, ಜನ ‘ಮೈಕ್ ಆಫ್ ಮಾಡಿ’ ಅಂದರು. ವಸ್ತು ಎಲ್ಲಿಂದ ಬಂತೋ ಪದವೂ ಅಲ್ಲಿಂದಲೇ ಬರಲಿ.

ಮರು (6)

> ವಸ್ತು ಎಲ್ಲಿಂದ ಬಂತೋ ಪದವೂ ಅಲ್ಲಿಂದಲೇ ಬರಲಿ

ಇದು ಸೋಮಾರಿತನ. ಮೈಕು ವಸ್ತು, ಹೊರಗಿನಿಂದ ಬಂತು, ಒಪ್ಪಿದೆ. ಕೇಳುವುದು ಹೊರಗಿನಿಂದ ಬಂತಾ? ಅದಕ್ಕೂ ಎರವಲು ಯಾಕೆ? ರೇಡಿಯೊ ಬಂದಾಗ ‘ಬಾನುಲಿ’ ಅಂದವರು ಕನ್ನಡದವರೇ. ಎಷ್ಟು ಚೆನ್ನಾಗಿದೆ, ಬಾನಿನಿಂದ ಬರುವ ಉಲಿ. ಬಳಸದೆ ಬಿಟ್ಟದ್ದು ಪದದ ತಪ್ಪಲ್ಲ.

ಸದ್ದು ತದ್ಭವ ಅನ್ನುವುದು ಗೊತ್ತು. ತದ್ಭವ ಅಂದರೆ ಕನ್ನಡದ ಬಾಯಿಗೆ ಬಂದು ಕನ್ನಡವಾದದ್ದು. ತತ್ಸಮಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ ಅನ್ನುವವರ ಜೊತೆ ನನಗೆ ಮಾತಿಲ್ಲ.

ಮರು (7)

> ತತ್ಸಮಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ ಅನ್ನುವವರ ಜೊತೆ

ಹಾಗೆ ನಾನು ಹೇಳಿಲ್ಲ, ಓದಿ ಬರೆಯಿರಿ. ಬಾನುಲಿಯ ಜೊತೆಗೆ ‘ಆಕಾಶವಾಣಿ’ಯನ್ನೂ ನೆನೆಯಿರಿ. 1935ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು ಶುರುಮಾಡಿದ ರೇಡಿಯೊ ಕೇಂದ್ರದ ಹೆಸರು ಅದು. ಆಮೇಲೆ ಇಡೀ ದೇಶದ ರೇಡಿಯೊ ಸಂಸ್ಥೆಗೇ ಆ ಹೆಸರು ಬಂತು. ಎರಡೂ ತುಂಡು ಸಂಸ್ಕೃತ. ಹಳೆಯ ಕತೆಗಳಲ್ಲಿ ಆಕಾಶದಿಂದ ಕೇಳಿಬರುವ, ಮಾತಾಡುವವರು ಕಾಣದ ದನಿಗೆ ಇದ್ದ ಪದ. ಪೆಟ್ಟಿಗೆಯ ಮುಂದೆ ಕೂತು ಕೇಳಿದವರಿಗೆ ಆದದ್ದೂ ಅದೇ ಅನುಭವ. ಪದ ನಿಂತದ್ದು ಅದಕ್ಕೆ, ಅದರ ಕುಲಗೋತ್ರ ಯಾರೂ ಕೇಳಲಿಲ್ಲ. 13ನೇ ಶತಮಾನದ ಕೇಶಿರಾಜ ಕನ್ನಡದ ವ್ಯಾಕರಣ ಬರೆದು ಅದರ ಹೆಸರಿನಲ್ಲೇ ‘ಶಬ್ದ’ ಇಟ್ಟ. ಶಬ್ದ ಹೊಕ್ಕುಳ ಬುಡದಿಂದ ಕಹಳೆಯ ಹಾಗೆ ಹೊಮ್ಮುತ್ತದೆ, ಅದರ ಬಣ್ಣ ಬಿಳಿ ಅನ್ನುತ್ತಾನೆ. ಸದ್ದಿಗೆ ಬಣ್ಣ ಕಂಡವನು. ಅವನನ್ನು ಹೊರಗಿಟ್ಟು ಯಾವ ಕನ್ನಡ ಕಟ್ಟುತ್ತೀರಿ?

‘ಕಿವಿಯಳತೆ’ ನನಗೆ ಒಪ್ಪಿಗೆ. ಕಣ್ಣಳತೆ ಅಂದಾಗ ಕಣ್ಣಿನ ಉದ್ದಗಲ ಅಂತ ಯಾರೂ ಓದುವುದಿಲ್ಲ.

ಮರು (8)

ಎಲ್ಲರಿಗೂ ಕೃತಜ್ಞತೆ. ಮಧ್ಯಾಹ್ನ ಮೂವರಿಗೆ ಬರೀ ಪದ ತೋರಿಸಿದೆ. ‘ಸದ್ದುಹರವು’ ನೋಡಿ ಇಬ್ಬರು ಸುಮ್ಮನಿದ್ದರು, ಒಬ್ಬರು ಗಲಾಟೆ ಹಬ್ಬುವುದಾ ಅಂತ ಕೇಳಿದರು. ‘ಕಿವಿಯಳತೆ’ ನೋಡಿ ಒಬ್ಬರು ಕಿವಿ ಮುಟ್ಟಿಕೊಂಡರು, ಅವರಿಗೆ (5)ರಲ್ಲಿ ಹೇಳಿದ ಅರ್ಥವೇ ಬಂತು. ಕೂಗಳತೆ ಅನ್ನುವ ಪದವನ್ನು ಪಕ್ಕದಲ್ಲಿ ಬರೆದು ತೋರಿಸಿದ ಕೂಡಲೇ ಮೂವರಿಗೂ ತಿಳಿಯಿತು.

ಹಾಗಾಗಿ ತಲೆಬರಹ ‘ಕಿವಿಯಳತೆ’. ಅದರ ಕೆಳಗೆ ಒಂದು ಸಾಲು: ‘ಕೂಗು ಮುಟ್ಟುವಷ್ಟು ಕೂಗಳತೆ, ಕಿವಿಗೆ ದಕ್ಕುವಷ್ಟು ಕಿವಿಯಳತೆ’. ಸೌಂಡ್‌ಸ್ಕೇಪ್ ಅನ್ನುವುದನ್ನು ಒಳಗಿನ ಬರಹದಲ್ಲಿ ಒಂದು ಸಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಗ, ಜ, ಡ, ದ, ಬ ಕೂಡ ಸೇರಿಸಿದೆ, ಅದರ ಫಲಕ ಇನ್ನೂ ಕೈಯಲ್ಲೇ ಇತ್ತು.

ಇನ್ನೊಂದು ಸಣ್ಣದು, ಕರಡು ನೋಡುವಾಗ ಸಿಕ್ಕಿತು. ತೆರೆಯ ಪಕ್ಕದ ಗುಂಡಿಯ ಮೇಲೆ ‘ಮ್ಯೂಟ್ ಮಾಡಿ, ಮತ್ತೆ ನೋಡಿ’ ಅಂತ ಇದೆ. ‘ಸದ್ದು ನಿಲ್ಲಿಸಿ’ ಅಂದರೆ ಮಕ್ಕಳು ತಮಗೇ ಹೇಳಿದ್ದು ಅಂದುಕೊಳ್ಳುತ್ತಾರೆ. ಏಳು ಗಂಟೆಯವರೆಗೆ ಸಮಯ ಇದೆ.