ಪದ ಬೇಕು: ‘ಥಿನ್ ಬ್ರಿಕ್ ವೆನೀರ್’ – ಕಟ್ಟೋದಾ, ಅಂಟಿಸೋದಾ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಹೋದ ತಿಂಗಳು ಮನೆಯ ಮುಂದಿನ ಗೋಡೆಗೆ ಇಟ್ಟಿಗೆ ಕೆಲಸ ಮಾಡಿಸಿದೆವು. ತುಮಕೂರಿನ ದೊಡ್ಡಪ್ಪನಿಗೆ ಫೋನ್ ಮಾಡಿ, “ಮುಂದ್ಗಡೆ ಇಟ್ಟಿಗೆ ಗೋಡೆ ಕಟ್ಟಿಸಿದೆ” ಅಂದೆ. ಅವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು.

“ಪಾಯ ಎಷ್ಟು ತೆಗೆದ್ರು?”

“ಪಾಯ ಇಲ್ಲ ದೊಡ್ಡಪ್ಪ.”

“ಪಾಯ ಇಲ್ದೆ ಇಟ್ಟಿಗೆ ಎಲ್ಲಿ ನಿಂತೈತೆ ಮಗ?”

“ನಿಂತಿಲ್ಲ. ಮರದ ಗೋಡೆಗೆ ಅಂಟ್ಕೊಂಡಿದೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಾದ್ರೆ ಕಟ್ಟಿಸಿದೆ ಅನ್ಬೇಡ. ಅಂಟಿಸಿದೆ ಅನ್ನು. ಟೈಲ್ಸ್ ಅದು” ಅಂದರು.

ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಈ ಕೆಲಸದ ಬಗ್ಗೆ ಬರೆಯಲು ಕೂತಿದ್ದೇನೆ. ದೊಡ್ಡಪ್ಪನ ಮಾತು ಅಡ್ಡ ನಿಂತುಬಿಟ್ಟಿದೆ.

ಇಂಗ್ಲಿಷಿನಲ್ಲಿ ‘ಬ್ರಿಕ್ ವೆನೀರ್’ ಅನ್ನುವುದು ಎರಡು ಬೇರೆ ಕೆಲಸಗಳಿಗೆ ಒಂದೇ ಹೆಸರು. ಒಂದರಲ್ಲಿ ಪೂರಾ ಇಟ್ಟಿಗೆಯನ್ನೇ ಬಳಸುತ್ತಾರೆ. ಅದು ಪಾಯದ ಅಂಚಿನ ಮೇಲೆ ನಿಲ್ಲುತ್ತದೆ. ಮರದ ಗೋಡೆಗೂ ಅದಕ್ಕೂ ನಡುವೆ ಒಂದು ಇಂಚಿನಷ್ಟು ಜಾಗ ಬಿಟ್ಟು, ಅಲ್ಲಲ್ಲಿ ಲೋಹದ ಪಟ್ಟಿ ಬಿಗಿದು ಹಿಡಿಸಿರುತ್ತಾರೆ. ಚದರಡಿಗೆ ಸುಮಾರು 40 ಪೌಂಡ್ ತೂಗುತ್ತದೆ. ಇನ್ನೊಂದು ನಮ್ಮ ಮನೆಯದು, ‘ಥಿನ್ ಬ್ರಿಕ್ ವೆನೀರ್’. ಇಟ್ಟಿಗೆಯದೇ ತೆಳು ಬಿಲ್ಲೆ, ಅರ್ಧದಿಂದ ಒಂದು ಇಂಚು ದಪ್ಪ, ಅಷ್ಟೇ. ಅಂಟಿಸುವ ಜಾತಿಯದು ಚದರಡಿಗೆ 15 ಪೌಂಡ್ ಮೀರಬಾರದು ಅಂತ ಇಲ್ಲಿನ ನಿಯಮ. ಮೊದಲನೆಯದನ್ನು ಕಟ್ಟುತ್ತಾರೆ, ಎರಡನೆಯದನ್ನು ಅಂಟಿಸುತ್ತಾರೆ. ಇಂಗ್ಲಿಷಿನ ನಾಮಪದ ಮುಚ್ಚಿಟ್ಟದ್ದನ್ನು ಕನ್ನಡದ ಕ್ರಿಯಾಪದ ಬಯಲು ಮಾಡುತ್ತದೆ! ಹಾಗಿದ್ದ ಮೇಲೆ ಎರಡಕ್ಕೂ ‘ಇಟ್ಟಿಗೆ ಹೊದಿಕೆ’ ಅಂತ ಬರೆದು ಸುಮ್ಮನಾದರೆ, ಕೈಯಲ್ಲಿದ್ದ ಒಳ್ಳೆಯ ವ್ಯತ್ಯಾಸವನ್ನು ನಾವೇ ಬಿಟ್ಟುಕೊಟ್ಟ ಹಾಗೆ, ಅಲ್ವಾ?

‘ಹೊದಿಕೆ’ ಬಗ್ಗೆ ನನಗೆ ಇನ್ನೊಂದು ತಕರಾರೂ ಇದೆ. ಹೊದ್ದದ್ದನ್ನು ತೆಗೆಯಬಹುದು. ಇದನ್ನು ತೆಗೆಯಬೇಕಾದರೆ ಉಳಿ, ಸುತ್ತಿಗೆಯೇ ಬೇಕು. ‘ತೆಳು ಇಟ್ಟಿಗೆ’ ಅಂದರೆ ಅಚ್ಚು ಕೆಟ್ಟ ಇಟ್ಟಿಗೆ ಅನ್ನಿಸುತ್ತದೆ. ‘ವೆನೀರ್’ ಅಂತಲೇ ಇಟ್ಟರೆ ಊರಲ್ಲಿ ಬಡಗಿ ಪ್ಲೈವುಡ್ ನೆನೆಸಿಕೊಳ್ಳುತ್ತಾನೆ, ಹಲ್ಲಿನ ಡಾಕ್ಟರು ಹಲ್ಲು ನೆನೆಸಿಕೊಳ್ಳುತ್ತಾರೆ. ಅಂದಹಾಗೆ ಆ ಪದ ಇಂಗ್ಲಿಷಿನ ಸ್ವಂತದ್ದೂ ಅಲ್ಲ. ಜರ್ಮನ್‌ನಿಂದ ಬಂದದ್ದು, ಅದರ ಹಿಂದೆ ಫ್ರೆಂಚಿನ ‘ಫುರ್ನಿರ್’ ಇದೆ. ‘ಫರ್ನಿಚರ್’ ಕೂಡ ಅದೇ ಮನೆಯ ಕೂಸು. ಬಡಗಿಯೇ ಅದರ ಮೊದಲ ವಾರಸುದಾರ ಅನ್ನಿ.

ನನ್ನ ಮನಸ್ಸು ‘ಇಟ್ಟಿಗೆ ಬಿಲ್ಲೆ’ ಕಡೆಗಿದೆ. ಕುಂಟೆಬಿಲ್ಲೆ ಆಡುವಾಗ ಹೆಂಚಿನ ಚೂರನ್ನೇ ಬಿಲ್ಲೆ ಮಾಡಿಕೊಳ್ಳುತ್ತಿದ್ದೆವು. ಸುಟ್ಟ ಮಣ್ಣು, ಚಪ್ಪಟೆ, ಕೈಗೆ ಹಗುರ. ಇದೂ ಅದೇ. ತೊಡಕು ಬರುವುದು ಮೂಲೆಯಲ್ಲಿ. ಮೂಲೆಯ ತುಂಡು ಚಪ್ಪಟೆ ಇರುವುದಿಲ್ಲ, ಇಂಗ್ಲಿಷಿನ ‘L’ ಥರ ಮಡಿಚಿದ ಹಾಗಿರುತ್ತದೆ. ಮೇಸ್ತ್ರಿ ಮೊದಲು ಕೂರಿಸಿದ್ದು ಇವನ್ನೇ. ಒಂದು ವರಸೆಯಲ್ಲಿ ಉದ್ದದ ಬದಿ ಈ ಕಡೆ, ಮುಂದಿನ ವರಸೆಯಲ್ಲಿ ಆ ಕಡೆ. ಮುಗಿದ ಮೇಲೆ ಮೂಲೆ ನೋಡಿದವರು ಪೂರಾ ಇಟ್ಟಿಗೆಯೇ ಅಂತ ಆಣೆ ಮಾಡುತ್ತಾರೆ. ಇಡೀ ಮೋಸ ನಿಂತಿರುವುದೇ ಈ ತುಂಡಿನ ಮೇಲೆ. ಇದಕ್ಕೆ ‘ಮೂಲೆ ಬಿಲ್ಲೆ’ ಸಾಕಾ?

ಉಳಿದ ಪದಗಳು ಅಷ್ಟು ಕಾಡಲಿಲ್ಲ. ಮರದ ಹಲಗೆಯ ಮೇಲೆ ನೀರು ತಡೆಯುವ ಹಾಳೆ ಎರಡು ಪದರ, ಅದರ ಮೇಲೆ ಲೋಹದ ಜಾಲರಿ ಹೊಡೆದರು. ಊರಲ್ಲಿ ಪಿಲ್ಲರೂ ಗೋಡೆಯೂ ಸೇರುವಲ್ಲಿ ಗಿಲಾವು ಬಿರುಕು ಬಿಡದಿರಲಿ ಅಂತ ಚಿಕನ್ ಮೆಶ್ ಹೊಡೆಯುತ್ತಾರಲ್ಲ, ಅದರ ದಪ್ಪ ಅಣ್ಣ. ಜಾಲರಿ ಮೇಲೆ ಮೊದಲ ಗಾರೆ ಬಳಿದು, ಹಸಿ ಇರುವಾಗಲೇ ಬಾಚಣಿಗೆಯಂಥ ಸಾಮಾನಿನಿಂದ ಅಡ್ಡಡ್ಡ ಗೀರುತ್ತಾರೆ. ದೊಡ್ಡಪ್ಪನಿಗೆ ವಿವರಿಸಿದಾಗ, “ಕಚ್ಚು ಹಾಕೋದು ಅನ್ನು” ಅಂದರು. ಕಚ್ಚು ಹಾಕಿದರೆ ಮುಂದಿನ ಗಾರೆ ಕಚ್ಚಿಕೊಳ್ಳುತ್ತದೆ. ಇಂಗ್ಲಿಷಿನ ‘ಸ್ಕ್ರ್ಯಾಚ್ ಕೋಟ್’ನಲ್ಲಿ ಗೀರು ಮಾತ್ರ ಇದೆ, ಗೀರಿದ್ದು ಯಾಕೆ ಅನ್ನುವುದಿಲ್ಲ. ನಮ್ಮ ‘ಕಚ್ಚು’ ಎರಡನ್ನೂ ಹೇಳಿಬಿಡುತ್ತದೆ. ‘ಕಚ್ಚುಗಾರೆ’ ಅಂತ ಬರೆದುಕೊಂಡಿದ್ದೇನೆ, ಬೇಡ ಅನ್ನಿಸಿದರೆ ಹೇಳಿ.

ಬಿಲ್ಲೆಗಳ ನಡುವಿನ ಸಂದಿಗೆ ಗಾರೆ ತುಂಬುವ ಚೀಲವಂತೂ ಜಿಲೇಬಿ ಹುಯ್ಯುವ ಬಟ್ಟೆಯೇ. ತುದಿಯಲ್ಲಿ ತೂತು, ಮೇಲಿಂದ ಹಿಂಡುವುದು. ಆಮೇಲೆ ಕಬ್ಬಿಣದ ಕಡ್ಡಿಯಿಂದ ತೀಡುತ್ತಾರೆ. ಇದಕ್ಕೆ ‘ಪಾಯಿಂಟಿಂಗ್’ ಇದ್ದೇ ಇದೆ, ಮುಟ್ಟುವುದು ಬೇಡ.

ಗೋಡೆಯ ಬುಡದಲ್ಲಿ ತೂತಿರುವ ಒಂದು ತಗಡಿನ ಪಟ್ಟಿ ಕೂರಿಸುತ್ತಾರೆ. ಮಣ್ಣಿನಿಂದ 4 ಇಂಚು, ಕಾಂಕ್ರೀಟಿನ ಓಣಿಯಿದ್ದರೆ 2 ಇಂಚು ಮೇಲೆ. ಗಾರೆಯ ಹಿಂದೆ ಸೇರಿದ ನೀರು ಅಲ್ಲಿಂದ ಇಳಿದುಹೋಗಬೇಕು. ಇಲ್ಲದಿದ್ದರೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಉಬ್ಬಿ ಬಿಲ್ಲೆ ಕಳಚಿಕೊಳ್ಳುತ್ತದೆ. ಹೆಸರು ‘ವೀಪ್ ಸ್ಕ್ರೀಡ್’. ‘ವೀಪ್’ ಅಂದರೆ ಅಳುವುದು ತಾನೇ ಅಂತ ಯಾರೋ ‘ಅಳುಪಟ್ಟಿ’ ಸೂಚಿಸಿದರು. ನಗು ಬಂತು. ಗೋಡೆ ಅಳುವುದಿಲ್ಲ, ಜಿನುಗುತ್ತದೆ. ‘ಜಿನುಗುಪಟ್ಟಿ’ ಅಂದುಕೊಂಡಿದ್ದೇನೆ.

ನನಗೆ ಬೇಕಾದದ್ದು ಎರಡು. ನಿಮ್ಮ ಕಡೆಯ ಮೇಸ್ತ್ರಿಗಳು ಗೋಡೆಯ ಹೊರಗೆ ಅಂಟಿಸುವ ಇಟ್ಟಿಗೆ ತುಂಡಿಗೆ ಏನನ್ನುತ್ತಾರೆ? ‘ಎಲಿವೇಶನ್ ಟೈಲ್ಸ್’, ‘ಕ್ಲಾಡಿಂಗ್’ ಕೇಳಿ ಗೊತ್ತು. ಬೇರೆ ಇದೆಯೇ? ಹುಬ್ಬಳ್ಳಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ಇನ್ನೊಂದು, ಈ ಮರದ ಕಂಬ, ಹಲಗೆಯ ಗೋಡೆಗೆ ‘ಚೌಕಟ್ಟಿನ ಗೋಡೆ’ ಅಂತ ಬರೆದರೆ ಬಾಗಿಲ ಚೌಕಟ್ಟು ಕಣ್ಣಿಗೆ ಬರುತ್ತದೆ. 16 ಇಂಚಿಗೊಂದು ಕಂಬ ನಿಲ್ಲಿಸಿ ಮೇಲೆ ಹಲಗೆ ಹೊಡೆದದ್ದು ಅದು. ಬಿದಿರಿನ ‘ತಡಿಕೆ ಗೋಡೆ’ ನೆನಪಾಯಿತು, ಆದರೆ ಮೂರು ಮಹಡಿ ಹೊರುವ ಗೋಡೆಗೆ ಆ ಹೆಸರಿಟ್ಟರೆ ದೊಡ್ಡಪ್ಪ ಮತ್ತೆ ಫೋನಿನಲ್ಲಿ ಮಾತು ನಿಲ್ಲಿಸಿಬಿಡುತ್ತಾರೆ.