ಪೆನೆಲೊಪಿ ಫಿಟ್ಜ್‌ಜೆರಾಲ್ಡ್: ಜೀವನಚರಿತ್ರೆಗಳನ್ನು ಬಿಟ್ಟು ಕಾದಂಬರಿಗಳನ್ನಷ್ಟೇ ಓದಿದರೆ ಸಾಕೇ?

ಹೇಮಾವತಿ ತೀರ (ಹಾಸನ):

ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಇಲ್ಲಿನ ನಮ್ಮ ಓದುಗರ ಬಳಗದಲ್ಲಿ ಹಿಂದೆ ಬೂಕರ್ ಪಡೆದ ಇಂಗ್ಲಿಷ್ ಕಾದಂಬರಿಗಳನ್ನೂ ಓದುವ ಉತ್ಸಾಹ ಮೂಡಿದೆ. ಹಾಗೆ ಓದುತ್ತಿರುವಾಗ ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅವರ ‘ಆಫ್‌ಶೋರ್’ ಕೈಗೆ ಬಂದಿತು. ಲಂಡನ್ನಿನ ಥೇಮ್ಸ್ ನದಿಯ ದೋಣಿಮನೆಗಳಲ್ಲಿ ಬದುಕುವವರನ್ನು ಕುರಿತ ಈ ಪುಟ್ಟ ಕಾದಂಬರಿಗೆ 1979ರ ಬೂಕರ್ ದೊರೆಯಿತು. 1916ರಲ್ಲಿ ಹುಟ್ಟಿದ ಲೇಖಕಿಯ ಮೊದಲ ಪುಸ್ತಕ ಪ್ರಕಟವಾದದ್ದು 1975ರಲ್ಲಿ, ಅವರಿಗೆ 58 ವರ್ಷವಾಗಿದ್ದಾಗ. ಅದೂ ಕಾದಂಬರಿಯಲ್ಲ, ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಚಿತ್ರಕಾರರ ಜೀವನಚರಿತ್ರೆ. ಇಷ್ಟು ತಡವಾದದ್ದೇಕೆ? ಮುಂದಿನ ಸಭೆಯಲ್ಲಿ ಅವರ ಬಗ್ಗೆ ಮಾತನಾಡಬೇಕಾಗಿರುವ ನಾನು ಜೀವನಚರಿತ್ರೆಗಳನ್ನೂ ಓದಲೇಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಕಾಫಿಸೀಮೆ (ಚಿಕ್ಕಮಗಳೂರು):

ಮೊದಲ ಪ್ರಶ್ನೆಗೆ ಉತ್ತರ ಅವರ ಸಂಸಾರದಲ್ಲಿದೆ. ತಂದೆ ಇ. ವಿ. ನಾಕ್ಸ್ ‘ಪಂಚ್’ ಎಂಬ ಹಾಸ್ಯ ಪತ್ರಿಕೆಯ ಸಂಪಾದಕರು. ಚಿಕ್ಕಪ್ಪಂದಿರಲ್ಲಿ ಇಬ್ಬರು ಪಾದ್ರಿಗಳಾದರು, ಇನ್ನೊಬ್ಬರು ಎರಡು ಮಹಾಯುದ್ಧಗಳಲ್ಲಿಯೂ ಗೂಢಲಿಪಿಗಳನ್ನು ಭೇದಿಸಿದವರು. ಇಂಥ ಮನೆಯಲ್ಲಿ ಬೆಳೆದು, ಆಕ್ಸ್‌ಫರ್ಡಿನ ಸೋಮರ್ವಿಲ್ ಕಾಲೇಜಿನಲ್ಲಿ ಪ್ರಥಮ ದರ್ಜೆ ಪಡೆದ ಹುಡುಗಿ ಬೇಗನೆ ದೊಡ್ಡ ಲೇಖಕಿಯಾಗುವಳೆಂದು ಎಲ್ಲರೂ ನಂಬಿದ್ದರು. ಯುದ್ಧಕಾಲದಲ್ಲಿ ಅವರು ಬಿಬಿಸಿಯಲ್ಲಿ ಕೆಲಸ ಮಾಡಿದರು. 1942ರಲ್ಲಿ ಡೆಸ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಸೇನಾಧಿಕಾರಿಯನ್ನು ಮದುವೆಯಾದರು. 1950ರ ದಶಕದ ಆರಂಭದಲ್ಲಿ ದಂಪತಿ ‘ವರ್ಲ್ಡ್ ರಿವ್ಯೂ’ ಎಂಬ ಪತ್ರಿಕೆ ನಡೆಸಿದರು, ಅದು ನಿಂತುಹೋಯಿತು. ಗಂಡ ಕುಡಿತಕ್ಕೆ ಬಿದ್ದು ವಕೀಲಿ ವೃತ್ತಿಯನ್ನೇ ಕಳೆದುಕೊಂಡರು. ಮೂವರು ಮಕ್ಕಳ ಸಂಸಾರ ಬಾಡಿಗೆ ಕಡಿಮೆಯೆಂದು ಹಳೆಯ ದೋಣಿಯೊಂದರಲ್ಲಿ ನೆಲೆಸಿತು, ಆ ದೋಣಿಯೂ 1963ರಲ್ಲಿ ಮುಳುಗಿತು. ಅನಂತರ ಅವರು ನಿರಾಶ್ರಿತರ ವಸತಿಯಲ್ಲಿದ್ದು, ಕೊನೆಗೆ ಸರ್ಕಾರಿ ಬಾಡಿಗೆ ಮನೆ ಸೇರಿದರು. ಈ ಎಲ್ಲ ವರ್ಷಗಳಲ್ಲಿ ಮನೆಯನ್ನು ನಡೆಸಿದ್ದು ಪಾಠ ಹೇಳಿ ಅವರು ತರುತ್ತಿದ್ದ ಸಂಬಳ. ಹೀಗಿರುವಾಗ ತಡವಾಯಿತೇಕೆ ಎಂದು ಕೇಳುವುದಕ್ಕಿಂತ, ಇದರ ನಡುವೆಯೂ ಓದು ಬಿಡದೆ, ಟಿಪ್ಪಣಿ ಮಾಡುವುದನ್ನು ಬಿಡದೆ ಉಳಿದದ್ದಾದರೂ ಹೇಗೆ ಎಂದು ಕೇಳಬೇಕೆನಿಸುತ್ತದೆ ನನಗೆ.

ಬಾಬಾಬುಡನ್‌ಗಿರಿ:

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಜೀವನಚರಿತ್ರೆಗಳನ್ನು ಬಿಡಬೇಡಿ. ಅವರ ಮೊದಲ ಐದು ಕಾದಂಬರಿಗಳಲ್ಲಿ ನಾಲ್ಕು ತಾವೇ ಕಂಡ ಬದುಕಿನಿಂದ ಬಂದವು. ಇಂಗ್ಲೆಂಡಿನ ಸೌತ್‌ವೋಲ್ಡ್ ಎಂಬ ಊರಿನ ಪುಸ್ತಕದಂಗಡಿಯ ಕೆಲಸದಿಂದ ‘ದಿ ಬುಕ್‌ಶಾಪ್’ (1978), ದೋಣಿಯಿಂದ ‘ಆಫ್‌ಶೋರ್’, ಬಿಬಿಸಿಯಿಂದ ‘ಹ್ಯೂಮನ್ ವಾಯ್ಸಸ್’ (1980), ಅಭಿನಯ ಕಲಿಯುವ ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ‘ಅಟ್ ಫ್ರೆಡ್ಡೀಸ್’ (1982). ಆಮೇಲೆ 1984ರಲ್ಲಿ ಕವಯಿತ್ರಿ ಷಾರ್ಲಟ್ ಮ್ಯೂ ಅವರ ಜೀವನಚರಿತ್ರೆ ಬಂದಿತು. ಅಲ್ಲಿಂದ ಮುಂದಿನ ನಾಲ್ಕು ಕಾದಂಬರಿಗಳಲ್ಲಿ ಸ್ವಂತ ಬದುಕು ಹಿಂದೆ ಸರಿದು, ಫ್ಲಾರೆನ್ಸ್, 1913ರ ಮಾಸ್ಕೋ, 1912ರ ಕೇಂಬ್ರಿಜ್, ಹದಿನೆಂಟನೆಯ ಶತಮಾನದ ಜರ್ಮನಿ ಒಂದೊಂದಾಗಿ ಬರುತ್ತವೆ. ತಾನು ನೋಡದ ಕಾಲದಲ್ಲಿ ಬದುಕಿದ ಒಬ್ಬರನ್ನು ಕಾಗದಪತ್ರಗಳಿಂದ ಕಟ್ಟಿ ನಿಲ್ಲಿಸುವ ಜೀವನಚರಿತ್ರೆಕಾರರ ವಿದ್ಯೆಯೇ ಇಲ್ಲಿ ಕಾದಂಬರಿಗೆ ಒದಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜರ್ಮನ್ ಕವಿ ನೊವಾಲಿಸ್ ಅವರ ಯೌವನವನ್ನು ಕುರಿತ ‘ದಿ ಬ್ಲೂ ಫ್ಲವರ್’ (1995) ಹೇಗೆ ಆರಂಭವಾಗುತ್ತದೆ ನೋಡಿ. ವರ್ಷಕ್ಕೊಮ್ಮೆ ಮಾತ್ರ ಬಟ್ಟೆ ಒಗೆಯುವ ಆ ಮನೆಗೆ, ಒಗೆತದ ದಿನವೇ ಅತಿಥಿಯೊಬ್ಬರು ಬಂದಿಳಿಯುತ್ತಾರೆ. ಅಷ್ಟು ಬಟ್ಟೆ ಇಟ್ಟುಕೊಂಡಿರುವ ಮನೆತನದ ಅಂತಸ್ತು, ಕೆಲಸದವರ ಪಾಡು, ಮಕ್ಕಳ ಗದ್ದಲ ಎಲ್ಲವೂ ಆ ಒಂದು ವಿವರದಿಂದಲೇ ನಮಗೆ ತಿಳಿಯುತ್ತವೆ. ಲೇಖಕಿ ಇತಿಹಾಸದ ಪಾಠ ಹೇಳಲು ನಿಲ್ಲುವುದಿಲ್ಲ. ನೂರು ವಿವರ ತಿಳಿದವರು ಮಾತ್ರ ಒಂದನ್ನು ಆರಿಸಿ, ಉಳಿದ ತೊಂಬತ್ತೊಂಬತ್ತನ್ನು ಧೈರ್ಯವಾಗಿ ಬಿಡಬಲ್ಲರು. ಈ ಕಾದಂಬರಿ ಬೂಕರ್‌ನ ಅಂತಿಮ ಪಟ್ಟಿಯನ್ನೂ ಸೇರಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಅಮೆರಿಕದ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಮುಂದೆ ಇದಕ್ಕೇ ಬಂದಿತು.

ಹೇಮಾವತಿ ತೀರ (ಹಾಸನ):

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹಾಗಾದರೆ ಯಾವ ಜೀವನಚರಿತ್ರೆಯನ್ನು ಮೊದಲು ಓದಲಿ?

ಬಾಬಾಬುಡನ್‌ಗಿರಿ:

ತಂದೆ ಮತ್ತು ಮೂವರು ಚಿಕ್ಕಪ್ಪಂದಿರನ್ನು ಕುರಿತ ‘ದಿ ನಾಕ್ಸ್ ಬ್ರದರ್ಸ್’ (1977) ಓದಿ. ಸ್ವಂತ ಮನೆಯವರನ್ನೇ ಬರೆಯುವಾಗಲೂ ಅವರು ತಮ್ಮನ್ನು ಮುಂದೆ ತಂದುಕೊಳ್ಳುವುದಿಲ್ಲ, ಹೊಗಳಿಕೆಗೆ ಇಳಿಯುವುದಿಲ್ಲ, ಆದರೂ ಪ್ರೀತಿ ಪುಟಪುಟದಲ್ಲಿಯೂ ಕಾಣುತ್ತದೆ. ಅದಾದ ಮೇಲೆ ನೇರವಾಗಿ ‘ದಿ ಬ್ಲೂ ಫ್ಲವರ್’ ಕೈಗೆತ್ತಿಕೊಳ್ಳಿ. ಸಭೆಗೆ ಸಮಯ ಕಡಿಮೆಯಿದ್ದರೆ ಬರ್ನ್-ಜೋನ್ಸ್ ಪುಸ್ತಕವನ್ನು ಆಮೇಲೆ ನೋಡಬಹುದು.