ಕಣ್ಣಿಗೆ ಕಾಣದ ಕಾಯಿಲೆಗೆ ಮುಂಬೈ ಲೋಕಲ್ ರೈಲಿನಲ್ಲಿ ಜಾಗ ಇಲ್ಲವೇ?

ಡೊಂಬಿವಲಿ ಅಕ್ಕ: ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಹನ್ನೊಂದು ವರ್ಷದಿಂದ ಮಾತ್ರೆ ತಗೊಳ್ತಿದ್ದಾನೆ, ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡೂ ಇದೆ. ಹೋದ ಮಂಗಳವಾರ ಚೆಕಪ್‌ಗೆ ಹೊರಟವನು ದಿವ್ಯಾಂಗರ ಡಬ್ಬ ಹತ್ತಿದ್ದ. "ಕೈಕಾಲು ನೆಟ್ಟಗಿದೆಯಲ್ಲ, ಇಳಿ" ಎಂದು ಒಳಗಿದ್ದವರೇ ಮುಂದಿನ ಸ್ಟೇಷನ್‌ನಲ್ಲಿ ಇಳಿಸಿದರು. ಕಾರ್ಡು ತೆಗೆಯುವಾಗ ಕೈ ನಡುಗಿ ಕೆಳಗೆ ಬಿತ್ತಂತೆ. ಇನ್ನು ಆಸ್ಪತ್ರೆಗೇ ಹೋಗಲ್ಲ ಅಂತಿದ್ದಾನೆ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಕುರ್ಲಾ ಪೋಲಿಯೊ: ಅಕ್ಕಾ, ಬೇಸರವಾಯಿತು. ಆದರೂ ನನ್ನ ಕಷ್ಟ ಹೇಳುತ್ತೇನೆ. ಊರುಗೋಲು ಹಿಡಿದು ಆ ಡಬ್ಬ ಹತ್ತಿದರೆ ನನಗೇ ನಿಲ್ಲಲು ಜಾಗವಿರಲ್ಲ, ಆರೋಗ್ಯವಂತರೇ ತುಂಬಿರುತ್ತಾರೆ. ಟೆನ್ಷನ್ ಇದೆ ಅಂತ ಎಲ್ಲರೂ ಬಂದರೆ ನಾವೆಲ್ಲಿ ಹೋಗೋಣ?

ಮುಲುಂಡ್ ವಕೀಲ: ಟೆನ್ಷನ್‌ಗೆ ಯಾರೂ ಕಾರ್ಡು ಕೊಡಲ್ಲ ಮಾರಾಯ್ರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ವೈದ್ಯರು ಅಳತೆಪಟ್ಟಿ ಹಿಡಿದು ಪರೀಕ್ಷಿಸಿ ಶೇಕಡಾವಾರು ಬರೆಯುತ್ತಾರೆ. ಹೆಚ್ಚಿನ ಸವಲತ್ತಿಗೆ ಶೇಕಡಾ 40 ಇರಲೇಬೇಕು. ಅದೇ ಕಾಯ್ದೆಯ 41ನೇ ಕಲಮು ಸಾರಿಗೆಯದ್ದು. ನಾವು ಅದನ್ನು ರ್‍ಯಾಂಪ್, ಲಿಫ್ಟ್ ಅಂತ ಮಾತ್ರ ಓದಿಕೊಂಡಿದ್ದೇವೆ.

ವಾಶಿ ಅಮ್ಮ: ಇನ್ನೊಂದು ತೊಡಕಿದೆ. ರೈಲ್ವೆಯ ಟಿಕೆಟ್ ರಿಯಾಯಿತಿ ಪಟ್ಟಿಯಲ್ಲಿ ಜೊತೆಗಾರರಿಲ್ಲದೆ ಓಡಾಡಲಾಗದ ಬುದ್ಧಿಮಾಂದ್ಯರಿದ್ದಾರೆ, ಮಾನಸಿಕ ಕಾಯಿಲೆಯವರಿಲ್ಲ. ನನ್ನ ಮಗಳ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಕಾರ್ಡಿಗೆ ಒಪ್ಪಿತ, ಟಿಕೆಟ್ ಕಿಟಕಿಗೆ ಒಪ್ಪಿತವಲ್ಲ. ಎರಡಕ್ಕೂ ಒಂದೇ ಪಟ್ಟಿ ಇರಲಿ ಅಂತ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ.

ಪೊವಾಯಿ ಹುಡುಗ: ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಶುರುವಾಯಿತು. ಹಾಕಿಕೊಂಡರೆ ಸಾಕು, ಕಣ್ಣಿಗೆ ಕಾಣದ ತೊಂದರೆ ಇದೆ ಅಂತ ಸಿಬ್ಬಂದಿಗೆ ತಿಳಿಯುತ್ತದೆ. ಇಲ್ಲೂ ತರಬಹುದಲ್ಲ?

ವಾಶಿ ಅಮ್ಮ: ಬೇಡಪ್ಪಾ. ಪ್ಲಾಟ್‌ಫಾರ್ಮಲ್ಲಿ ನಮ್ಮ ಸಂಘದವರು ಒಬ್ಬರು ನೋಡಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅವಳಿಗೆ ಸಂಬಂಧ ನೋಡುತ್ತಿದ್ದೇವೆ.

ಭಾಂಡುಪ್‌ನವನು: ಕಾಯಿಲೆ ನನಗೇ ಇದೆ, ಹಾಗಾಗಿ ಹೇಳುತ್ತೇನೆ. ನನಗೆ ಕೊರಳಪಟ್ಟಿಯೂ ಬೇಡ, ಡಬ್ಬವೂ ಬೇಡ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಒಂಬತ್ತಾದರೂ ಇಳಿಯಲ್ಲ. ಆದರೆ ನಾನು ಹೋಗುವ ಆಸ್ಪತ್ರೆಯಲ್ಲಿ ಡಾಕ್ಟರನ್ನು ನೋಡುವ ಚೀಟಿ ಕೊಡುವುದು ಬೆಳಿಗ್ಗೆ ಮಾತ್ರ. ಸಿಎಸ್‌ಎಂಟಿ ನಿಲ್ದಾಣದ ಕಡೆ ಇಡೀ ಮುಂಬೈ ಹೊರಟ ಹೊತ್ತಿಗೇ ನಾನೂ ನುಗ್ಗಬೇಕು. ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲು ಅಂತ ಕೂಗಿದರೆ ಎದೆ ಹೊಡೆದುಕೊಂಡು ಬೆಂಚಿನಲ್ಲೇ ಕೂತುಬಿಡುತ್ತೇನೆ. ಮೂರು ಸಲ ಹಾಗೇ ಮನೆಗೆ ವಾಪಸ್ ಬಂದಿದ್ದೇನೆ. ಮಧ್ಯಾಹ್ನ ಹನ್ನೆರಡರ ಮೇಲೆ ಚೀಟಿ ಕೊಟ್ಟರೆ ಸಾಮಾನ್ಯ ಡಬ್ಬದಲ್ಲೇ ಕೂತು ಹೋಗುತ್ತೇನೆ.

ಕುರ್ಲಾ ಪೋಲಿಯೊ: ಇದು ನನಗೆ ಹೊಳೆದೇ ಇರಲಿಲ್ಲ. ಆದರೂ ಕಾರ್ಡು ಇರುವವರನ್ನು ಇಳಿಸಿದ್ದು ತಪ್ಪು. ಅಕ್ಕಾ, ನಾನು ದಿನಾ ಅದೇ ಡಬ್ಬದಲ್ಲಿ ಇರುತ್ತೇನೆ. ತಮ್ಮ ಯಾವ ಗಾಡಿಗೆ ಬರುತ್ತಾನೆ ಹೇಳಿ.

ಡೊಂಬಿವಲಿ ಅಕ್ಕ: ಮೊದಲು ಡಾಕ್ಟರಲ್ಲಿ ಮಧ್ಯಾಹ್ನದ ಹೊತ್ತು ಕೇಳುತ್ತೇನೆ. ಆಗದಿದ್ದರೆ ನಿಮಗೇ ಬರೆಯುತ್ತೇನೆ ಅಣ್ಣಾ. ವಾಶಿಯ ಅಮ್ಮಾ, ಅರ್ಜಿಗೆ ಮೊದಲ ಸಹಿ ನನ್ನದು.